ಜಯರಾಮನ ಎರಡು ವರ್ಷ

ಶಿಡ್ಲಘಟ್ಟ
12-6-1994

ಚಿ. ಅಮರಾವತಿಗೆ ಅತ್ತೆ ಬರೆಯುವುದು.

ಇಲ್ಲಿ ಎಲ್ಲರೂ ಇದ್ದೇವೆ. ಸುಖವಾಗಿದ್ದೇವೆ ಎಂದರೆ ಸುಳ್ಳಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ನಿಮ್ಮಪ್ಪ ಹೋದ ಮಂಗಳವಾರ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ನನ್ನ ಒಡಹುಟ್ಟಿದ ತಮ್ಮ, ನಾಲ್ಕು ಜನರ ಮುಂದೆ ‘ಅಕ್ಕಯ್ಯ, ಹುಡುಗೀನ ಯಾವಾಗ ಕರೆಸ್ಕೊಂತೀಯ?’ ಎಂದು ಕೇಳಿದ. ನಿನಗೆ ಹೇಳುತ್ತೇನೆ, ನೀನೇ ಅವನಿಗೆ ಹೇಳು. ಗಂಡ ಹೋದ ಹೆಂಗಸು ವರ್ಷ ತುಂಬುವವರೆಗೆ ರೇಷ್ಮೆ ಹುಳ ಇರುವ ಮನೆಯ ಹೊಸಿಲು ತುಳಿಯಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ನಿಮ್ಮ ಮಾವ ಹೋದಾಗ ನಾನೂ ವರ್ಷವಿಡೀ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದೆ. ಯಾರೂ ನನ್ನನ್ನು ಮರುಗಿ ಕೇಳಲಿಲ್ಲ. ನಿನಗೆ ವರ್ಷ ತುಂಬಿತು, ನಿಜ. ಆ ಹೊತ್ತಿಗೆ ಹುಳ ಹಣ್ಣಾಗಿ ಗೂಡು ಕಟ್ಟುತ್ತಿದ್ದವು, ಗೂಡು ಬಿಡಿಸಿದ ಮೇಲೆ ಮತ್ತೆ ಮತ್ತೆ ಹೊಸ ಮೊಟ್ಟೆ ಬಂತು, ಈಗಿನವು ಕೊನೆಯ ಜ್ವರಕ್ಕೆ ಕೂತು ಪೊರೆ ಬಿಡುತ್ತಿವೆ. ಬಿಡುವಾದಾಗ ಕರೆಸುತ್ತೇನೆ.

ಕಾಗದ ಬರೆದದ್ದು ಅದಕ್ಕಲ್ಲ. ಪೇಪರಿನಲ್ಲಿ ಒಂದು ಪ್ರಕಟಣೆ ನೋಡಿದೆ. ಮುಕ್ತ ವಿಶ್ವವಿದ್ಯಾಲಯದವರು ಅಂಚೆಯಲ್ಲೇ ಕಂಪ್ಯೂಟರ್ ಡಿಗ್ರಿ ಕೊಡುತ್ತಾರಂತೆ. ಪುಸ್ತಕ ಮನೆಗೆ ಬರುತ್ತದೆ, ಭಾನುವಾರ ಬೆಂಗಳೂರಿನಲ್ಲಿ ಕ್ಲಾಸು. ಬೇರೆ ಕಡೆ ಪಾಸಾದ ವಿಷಯಗಳಿಗೆ ಕ್ರೆಡಿಟ್ ಕೊಡುತ್ತಾರೆ, ಅವನ್ನು ಮತ್ತೆ ಓದಬೇಕಿಲ್ಲ ಎಂದಿದೆ. ಜಯರಾಮ ಬೆಂಗಳೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದಿ ಎರಡು ವರ್ಷ ಪಾಸು ಮಾಡಿದ್ದ. ಮೂರನೆಯದು ನಡೆಯುತ್ತಿರುವಾಗ ದೇವರು ಕಣ್ಣು ಮುಚ್ಚಿದ. ಆ ಎರಡು ವರ್ಷವನ್ನು ನಿನ್ನ ಹೆಸರಿಗೆ ಮಾಡಿಸಿಕೋ, ಉಳಿದದ್ದು ನೀನು ಓದು. ಸರ್ಕಾರಿ ನೌಕರ ಸತ್ತರೆ ಹೆಂಡತಿಗೆ ಕೆಲಸ ಬರುತ್ತದೆ. ಪಿಂಚಣಿ ಬರುತ್ತದೆ. ಜಮೀನಿನ ಖಾತೆ ಬರುತ್ತದೆ. ಓದಿದ್ದು ಯಾಕೆ ಬರಬಾರದು? ಕೇಳುವವರಿಲ್ಲ, ಅದಕ್ಕೇ ಕೊಡುವುದಿಲ್ಲ.

ನನ್ನ ಮಗ ಓದಿದ್ದು ಮಣ್ಣಾಗಬಾರದು. ವಿಚಾರಿಸಿ ಬರೆ.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
20-6-1994

ಪೂಜ್ಯ ಅತ್ತೆಯವರಿಗೆ ಅಮರಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಓದಿಸಬೇಕೆಂದು ನೀವೇ ಹೇಳಿದ್ದರಿಂದ ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲಾರೆ.

ನಾನು ಇಲ್ಲಿ ಮುನಿನಾರಾಯಣಪ್ಪನವರ ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿರುವುದು ಅಪ್ಪ ನಿಮಗೆ ಹೇಳಿರಬಹುದು. ಅಲ್ಲಿಗೆ ಈಗ ಎರಡು ಕಂಪ್ಯೂಟರ್ ತರಿಸಿದ್ದಾರೆ. ಮಕ್ಕಳಿಗೆ ಕಲಿಸುತ್ತಾ ನಾನೂ ಕಲಿತೆ. ಡಿಗ್ರಿ ಇದ್ದರೆ ನನ್ನನ್ನೇ ಕಂಪ್ಯೂಟರ್ ವಿಭಾಗಕ್ಕೆ ಖಾಯಂ ಮಾಡುತ್ತೇನೆ ಎಂದಿದ್ದಾರೆ. ಇಲ್ಲದಿದ್ದರೆ ಬೆಂಗಳೂರಿನಿಂದ ಯಾರನ್ನಾದರೂ ಕರೆತರುತ್ತಾರೆ.

ನೀವು ಬರೆದ ಕೋರ್ಸಿನ ವಿವರಪುಸ್ತಕ ತರಿಸಿ ನೋಡಿದ್ದೇನೆ. ಮದುವೆಗೆ ಮುಂಚೆ ನಾನು ಇಲ್ಲಿ ಬಿ.ಎಸ್ಸಿ. ಎರಡು ವರ್ಷ ಪಾಸಾಗಿದ್ದೆನಲ್ಲ, ಆ ಗಣಿತ, ಭೌತಶಾಸ್ತ್ರ, ಭಾಷೆಗಳಿಗೆ ಕ್ರೆಡಿಟ್ ಸಿಗುತ್ತದೆ. ಅರ್ಧ ದಾರಿ ಕಳೆದಂತೆ. ಕಂಪ್ಯೂಟರ್ ವಿಷಯಗಳನ್ನಷ್ಟೇ ಓದಿದರೆ ಸಾಕು. ಅದಕ್ಕೆ ಅಸಲು ಅಂಕಪಟ್ಟಿ ಮತ್ತು ಟಿ.ಸಿ. ಬೇಕು. ಪಿಯುಸಿಯದು ನನ್ನ ಬಳಿ ಇದೆ. ಡಿಗ್ರಿಯವು ನಿಮ್ಮ ನಡುಮನೆಯ ಕಬ್ಬಿಣದ ಟ್ರಂಕಿನಲ್ಲಿ, ನನ್ನ ಮದುವೆ ಸೀರೆಯ ಕೆಳಗಿವೆ. ದಯವಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಆಗಸ್ಟ್ ಮೂವತ್ತೊಂದು ಕೊನೆಯ ದಿನ.

ಅವರ ಕಾಗದಗಳು ಬೇಕಾಗುವುದಿಲ್ಲ. ನನ್ನವು ಸಾಕು.

ಇತಿ ನಿಮ್ಮ ಸೊಸೆ
ಅಮರಾವತಿ

*

ಶಿಡ್ಲಘಟ್ಟ
26-6-1994

ಚಿ. ಅಮರಾವತಿಗೆ,

‘ಅವರ ಕಾಗದಗಳು ಬೇಕಾಗುವುದಿಲ್ಲ’ ಎಂದು ಬರೆದಿದ್ದೀಯೆ. ಹಾಗೆ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ನೀನು ಕೊಡೆ ಹಿಡಿದುಕೊಂಡು ಊರ ಕಾಲೇಜಿಗೆ ಹೋಗಿ ಬಂದದ್ದು ನನಗೆ ಗೊತ್ತು. ಮದುವೆ ಗೊತ್ತಾಗುವವರೆಗೆ ಹುಡುಗಿಯರು ಹೋಗುತ್ತಾರೆ. ಅದನ್ನೂ ಜಯರಾಮ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು, ಹೋಟೆಲಿನ ಅನ್ನ ತಿಂದು ಓದಿದ್ದನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀಯಾ? ನಾನು ಐವತ್ತೆರಡರಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದವಳು, ಈ ಹೋಬಳಿಗೆ ಮೊದಲ ಹುಡುಗಿ. ಓದಿನ ಬೆಲೆ ನನಗೆ ನೀನು ಹೇಳಿಕೊಡಬೇಕಿಲ್ಲ.

ಟ್ರಂಕು ತೆಗೆದು ನೋಡಿದೆ. ನಿನ್ನವು ಇವೆ. ಅವನ ಅಂಕಪಟ್ಟಿ ಒಂದೂ ಇಲ್ಲ. ಟ್ರಂಕಿನಲ್ಲಿಲ್ಲ, ಬೀರುವಿನಲ್ಲಿಲ್ಲ, ಅವನ ಬ್ಯಾಗಿನಲ್ಲಿಲ್ಲ. ನಮ್ಮ ಮನೆಯಿಂದ ಹೋಗುವಾಗ ನೀನು ಒಯ್ದೆಯಾ? ಒಯ್ದಿದ್ದರೆ ಹೇಳು, ಬೈಯುವುದಿಲ್ಲ. ಗಂಡನ ನೆನಪಿಗೆ ಇಟ್ಟುಕೊಂಡಿದ್ದರೆ ತಪ್ಪಲ್ಲ.

ಹೋದರೆ ಎರಡೂ ಒಟ್ಟಿಗೆ ಹೋಗಬೇಕು. ನಿನ್ನದೊಂದೇ ಕಳಿಸುವುದಿಲ್ಲ.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
5-7-1994

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಾನು ಅವರ ಯಾವ ಕಾಗದವನ್ನೂ ತಂದಿಲ್ಲ. ತಂದದ್ದು ಎರಡು ಸೀರೆ ಮತ್ತು ಅವರ ವಾಚು. ವಾಚು ನೀವೇ ಕೊಟ್ಟಿರಿ.

ನಿಮ್ಮ ಮಾತಿನಂತೆ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದೆ. ಪರೀಕ್ಷೆ ಬರೆದವರಿಗೆ ಮಾತ್ರ ಕ್ರೆಡಿಟ್ಟು, ಹೆಂಡತಿಗಾಗಲಿ ಮಕ್ಕಳಿಗಾಗಲಿ ಕೊಡುವ ನಿಯಮವಿಲ್ಲ ಎಂದು ಉತ್ತರ ಬಂದಿದೆ. ನಿಮಗೆ ನೋವಾಗುತ್ತದೆಂದು ಗೊತ್ತು. ಅದರಲ್ಲಿ ನನ್ನದೇನೂ ಇಲ್ಲ.

ಅತ್ತೆ, ನಾನು ಇಲ್ಲಿ ಅಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಪಾತ್ರೆ ಇಡುವ ಸದ್ದಿನಲ್ಲೇ ನನಗೆ ಎಷ್ಟು ಬಡಿಸಬೇಕೆಂದು ತೀರ್ಮಾನವಾಗಿರುತ್ತದೆ. ಅಪ್ಪ ನೋಡಿಯೂ ನೋಡದವರಂತಿರುತ್ತಾರೆ. ಅಲ್ಲಿಗೆ ಬರೋಣವೆಂದರೆ ಎಷ್ಟು ಬೆಳೆ ಬಂದು ಹೋದರೂ ಹುಳದ ಮನೆ ನನಗೆ ಖಾಲಿಯಾಗಲಿಲ್ಲ. ನನಗೆ ಇರುವುದು ಈ ಕೆಲಸವೊಂದೇ. ಡಿಗ್ರಿ ಇಲ್ಲದೆ ಅದೂ ಉಳಿಯುವುದಿಲ್ಲ.

ಕಳಿಸಲು ಆಗದಿದ್ದರೆ ನಾನೇ ಬರುತ್ತೇನೆ. ಒಳಗೆ ಬರುವುದಿಲ್ಲ. ಬೀದಿಯಲ್ಲೇ ನಿಂತಿರುತ್ತೇನೆ. ಚಿಕ್ಕಮಾವ ಲಕ್ಷ್ಮಯ್ಯನವರ ಕೈಯಲ್ಲಿ ಕೊಟ್ಟು ಕಳಿಸಿದರೂ ಸಾಕು.

ಅಮರಾವತಿ

*

ಶಿಡ್ಲಘಟ್ಟ
11-7-1994

ಚಿ. ಅಮರಾವತಿಗೆ,

ಬರಬೇಡ. ಹೊಸ ಬೆಳೆಯ ಹುಳ ನಾಲ್ಕನೇ ಜ್ವರದಿಂದ ಏಳುತ್ತಿವೆ. ಈಗ ಅವು ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಬಾರದು. ನನ್ನ ಸೊಸೆ ಬೀದಿಯಲ್ಲಿ ನಿಂತು ಕಾಗದ ಬೇಡಿದಳು ಎಂದು ಎದುರುಮನೆಯ ಅಕ್ಕಯ್ಯಮ್ಮ ಊರಿಗೆಲ್ಲ ಹೇಳಿಕೊಂಡು ಬರುವುದೂ ಬೇಡ.

ನೀನು ಕೆಲಸ ಮಾಡುವ ಕಡೆಯ ಆ ಮುನಿನಾರಾಯಣಪ್ಪ ಏನಂದನೆಂದು ನಿಮ್ಮಪ್ಪ ನಗುತ್ತಾ ಹೇಳಿದ. ‘ಏಮ್ಮಾ ಅಮರಾವತಿ, ಸತ್ತೋರು ಓದಿದ್ದು ಇದ್ದೋರಿಗೆ ಬರೋ ಹಂಗಿದ್ರೆ ನಮ್ ತಾತ ಪೈಲ್ವಾನ್, ನಾನ್ಯಾಕೆ ಹಿಂಗೆ ಕಡ್ಡಿ ಆಗಿರ್ತಿದ್ದೆ’ ಅಂದನಂತೆ. ನನಗೆ ನಗು ಬರಲಿಲ್ಲ. ಇಂಥವರ ಮುಂದೆ ನನ್ನ ಮಗನ ವಿಷಯ ಎತ್ತಿದೆಯಲ್ಲ, ಅದು ನಿನ್ನ ತಪ್ಪು.

ಅಂಚೆಯಲ್ಲಿ ಕೇಳಿದರೆ ಗುಮಾಸ್ತರು ಇಲ್ಲ ಎಂದೇ ಬರೆಯುತ್ತಾರೆ. ಕಾಗದ ಕೈಯಲ್ಲಿ ಹಿಡಿದು ದೊಡ್ಡವರ ಮುಂದೆ ನಿಂತರೆ ಮಾತು ಬೇರೆ. ಆದ್ದರಿಂದ ಒಂದು ನಿರ್ಧಾರ ಮಾಡಿದ್ದೇನೆ. ಈ ಗುರುವಾರ ಮೈದುನ ಲಕ್ಷ್ಮಯ್ಯನನ್ನು ಕರೆದುಕೊಂಡು ಬೆಂಗಳೂರಿಗೆ, ಜಯರಾಮನ ಕಾಲೇಜಿಗೇ ಹೋಗುತ್ತೇನೆ. ಅಲ್ಲಿ ಅವನ ಅಂಕಪಟ್ಟಿಯ ನಕಲು ಕೊಡುತ್ತಾರೆ. ಅದನ್ನು ತಂದ ಮೇಲೆ ನಿನ್ನದನ್ನೂ ಸೇರಿಸಿ ನಾನೇ ವಿಶ್ವವಿದ್ಯಾಲಯಕ್ಕೆ ಒಯ್ಯುತ್ತೇನೆ.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
13-7-1994

ಅತ್ತೆಯವರಿಗೆ,

ನಿಮ್ಮ ಕಾಗದ ಈಗ ತಾನೇ ಬಂತು. ಕಾಲಿಗೆ ಬಿದ್ದು ಕೇಳುತ್ತೇನೆ, ಬೆಂಗಳೂರಿಗೆ ಹೋಗಬೇಡಿ. ಈ ವಯಸ್ಸಿನಲ್ಲಿ ನಿಮಗೆ ಬಸ್ಸು ಆಗುವುದಿಲ್ಲ. ಬೆಳೆ ಹಣ್ಣಾಗುವ ಹೊತ್ತಿನಲ್ಲಿ ನೀವು ಮನೆ ಬಿಟ್ಟರೆ ಆಳುಗಳು ಕೆಡಿಸುತ್ತಾರೆ.

ನನ್ನ ಕಾಗದಗಳೂ ಬೇಡ. ಕ್ರೆಡಿಟ್ಟೂ ಬೇಡ. ನಾನು ಮೊದಲನೇ ವರ್ಷದಿಂದಲೇ ಓದುತ್ತೇನೆ. ಮುನಿನಾರಾಯಣಪ್ಪನವರನ್ನು ಹೇಗೋ ಕೇಳಿಕೊಳ್ಳುತ್ತೇನೆ. ಟ್ರಂಕು ಮುಚ್ಚಿಬಿಡಿ. ಆದರೆ ಆ ಕಾಲೇಜಿಗೆ ಮಾತ್ರ ಹೋಗಬೇಡಿ.

ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ.

ಅಮರಾವತಿ

*

ಶಿಡ್ಲಘಟ್ಟ
24-7-1994

ಅಮರಾವತಿಗೆ,

ಕಂಡಕ್ಟರ್ ನಿನ್ನ ಕಾಗದ ತಂದುಕೊಟ್ಟಾಗ ನಾವು ಹೊರಟಾಗಿತ್ತು. ಹಿಂದಿರುಗಿ ಬಂದ ಮೇಲೆ ಓದಿದೆ. ಹೊರಡುವ ಮುಂಚೆ ಸಿಕ್ಕಿದ್ದರೂ ಹೋಗುತ್ತಿದ್ದೆ. ನೀನು ಏನೋ ಮುಚ್ಚಿಡುತ್ತಿದ್ದೀಯೆ ಅನ್ನಿಸುತ್ತಿತ್ತು.

ಕಾಲೇಜಿನ ಆಫೀಸಿನಲ್ಲಿ ಚಿಕ್ಕ ವಯಸ್ಸಿನ ಗುಮಾಸ್ತ ಇದ್ದ. ನಾನು ಹೆಸರು, ವರ್ಷ ಹೇಳಿದೆ. ಅವನು ರಿಜಿಸ್ಟರ್ ತಿರುವಿ ತಿರುವಿ, ‘ಅಮ್ಮಾ, ಈ ಹುಡುಗ ನಿಮಗೇನಾಗ್ಬೇಕು?’ ಎಂದ. ಮಗ ಎಂದೆ. ‘ಇವ್ರು ಸೆಕೆಂಡ್ ಇಯರ್ ಪರೀಕ್ಷೇನೇ ಬರ್ದಿಲ್ವಲ್ಲಮ್ಮಾ. ಫಸ್ಟ್ ಇಯರ್ನಲ್ಲೇ ಮೂರು ಸಬ್ಜೆಕ್ಟ್ ಉಳ್ಕೊಂಡಿದೆ. ತೊಂಬತ್ತೆರಡು ಜೂನ್‌ನಲ್ಲಿ ಹೆಸರು ತೆಗೆದಾಕಿದಾರೆ. ಮನೇಲಿ ಹೇಳಿಲ್ವಾ?’ ಎಂದ.

ಲಕ್ಷ್ಮಯ್ಯ ಜೋರು ಮಾಡಿದ. ‘ಸರಿಯಾಗಿ ನೋಡಯ್ಯ, ಬೇರೆ ಯಾರೋ ಜಯರಾಮ ಇರ್ಬೇಕು’ ಎಂದ. ಆ ಹುಡುಗ ಪಾಪ, ರಿಜಿಸ್ಟರನ್ನೇ ನಮ್ಮ ಕಡೆ ತಿರುಗಿಸಿ ತೋರಿಸಿದ. ಅಪ್ಪನ ಹೆಸರು, ಊರು, ಎಲ್ಲಾ ನಮ್ಮದೇ. ಜಯರಾಮನ ಸಹಿ. ‘ಮ’ಕ್ಕೆ ಬಾಲ ಎಳೆಯುವುದನ್ನು ಸಣ್ಣವನಿದ್ದಾಗ ನಾನೇ ತಿದ್ದಿದ್ದೆ, ಅವನು ತಿದ್ದಿಕೊಂಡಿರಲಿಲ್ಲ.

ಬರುವಾಗ ಲಕ್ಷ್ಮಯ್ಯ ಚಿಕ್ಕಬಳ್ಳಾಪುರದಲ್ಲಿ ಇಳಿದು ಕಾಫಿ ಕುಡಿಯೋಣವಾ ಎಂದ. ಬೇಡ ಎಂದೆ.

ತೊಂಬತ್ತೆರಡರ ಜೂನ್‌ನಿಂದ ಅವನು ಸತ್ತ ಫೆಬ್ರವರಿಯವರೆಗೆ ಪ್ರತಿ ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದ, ಶನಿವಾರ ಬರುತ್ತಿದ್ದ. ನಾನೇ ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದೆ. ಎಲ್ಲಿಗೆ ಹೋಗುತ್ತಿದ್ದ? ನಿನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಹೋಗಬೇಡಿ ಎಂದು ಬರೆಯುತ್ತಿರಲಿಲ್ಲ. ಪೂರ್ತಿ ಬರೆ.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
1-8-1994

ಅತ್ತೆಯವರಿಗೆ,

ಕೇಳಿದ್ದೀರಿ, ಬರೆಯುತ್ತೇನೆ.

ಗೌರಿಬಿದನೂರಿನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯೊಂದಿದೆ, ಆವುಲಪ್ಪ ಎನ್ನುವವರದು. ಅಲ್ಲಿ ಕೆಲಸಕ್ಕಿದ್ದರು. ಅಂಗಡಿಯ ಹಿಂದೆಯೇ ಮಲಗುತ್ತಿದ್ದರು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ಎಷ್ಟು ಬೇಗ ಹೋಗುತ್ತಿತ್ತೆಂದರೆ ಒಂದೂ ತಲೆಗೆ ಹತ್ತಲಿಲ್ಲವಂತೆ. ಮೊದಲನೇ ವರ್ಷ ಫೇಲಾದಾಗ ಮನೆಯಲ್ಲಿ ಪಾಸು ಎಂದರು. ನೀವು ಅವತ್ತೇ ಬೀದಿಗೆಲ್ಲ ಬರ್ಫಿ ಹಂಚಿದಿರಿ. ಆಮೇಲೆ ಎರಡನೇದೂ ಹಾಗೇ ಆಯಿತು.

ನನಗೆ ಹೇಳಿದ್ದು ತೊಂಬತ್ತೆರಡರ ದೀಪಾವಳಿಯ ಹೊತ್ತಿಗೆ. ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡರು. ‘ಅಮ್ಮನಿಗೆ ನಾನೇ ಹೇಳ್ತೀನಿ, ಸ್ವಲ್ಪ ದಿನ ಹೋಗ್ಲಿ ಕಣೇ’ ಎಂದರು. ನಾನು ಗಣಿತ ಹೇಳಿಕೊಡುತ್ತೇನೆ, ಮತ್ತೆ ಕಟ್ಟಿ ಎಂದೆ. ಎರಡು ವಾರ ಶನಿವಾರ, ಭಾನುವಾರ ಕೂತರು. ನೀವು ಬಾಗಿಲಲ್ಲಿ ನಿಂತು ನೋಡಿ, ‘ಗಂಡ ಓದ್ತಿರುವಾಗ ನೀನ್ಯಾಕೆ ಎದುರಿಗೆ ಕೂತು ತೊಂದರೆ ಕೊಡ್ತೀಯ, ಹುಳಕ್ಕೆ ಸೊಪ್ಪು ಹೆಚ್ಚೋರು ಯಾರು?’ ಎಂದು ನನ್ನನ್ನು ಎಬ್ಬಿಸಿದಿರಿ. ಆಮೇಲೆ ಅವರು ಪುಸ್ತಕ ತೆಗೆಯಲಿಲ್ಲ.

ಆ ಅಂಗಡಿಯಲ್ಲಿ ಅವರು ಚೆನ್ನಾಗಿದ್ದರು ಅತ್ತೆ. ಇದನ್ನು ನೀವು ತಿಳಿದುಕೊಳ್ಳಬೇಕು. ಯಾರ ಕೈಲೂ ಆಗದ ಸೆಟ್ಟುಗಳನ್ನು ಇವರು ಸರಿ ಮಾಡುತ್ತಿದ್ದರಂತೆ. ಸ್ವಂತ ಅಂಗಡಿ ಇಡುತ್ತೇನೆ ಎನ್ನುತ್ತಿದ್ದರು.

ಫೆಬ್ರವರಿಯ ಆ ಶನಿವಾರ ನೀವು ಊಟಕ್ಕೆ ಬಡಿಸುತ್ತಾ, ‘ಸೋಮವಾರ ನಾನೂ ನಿನ್ನ ಜೊತೆ ಬರ್ತೀನಿ ಕಣೋ, ಒಂದ್ಸಲ ನಿಮ್ ಕಾಲೇಜು ನೋಡ್ಬೇಕು, ನಿಮ್ ಮೇಷ್ಟ್ರಿಗೆ ಒಂದು ರೇಷ್ಮೆ ಶಾಲು ಕೊಟ್ ಬರೋಣ’ ಎಂದಿರಿ. ಅವರು ಆಗಲಿ ಎಂದರು. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಪೂರ್ತಿ ಊಟ ಮಾಡಿದರು.

ಭಾನುವಾರದ್ದು ನಿಮಗೂ ಗೊತ್ತು. ಬಾವಿಯ ತಳದಲ್ಲಿ ಪಂಪಿನ ನೀರೆಳೆಯುವ ಫುಟ್‌ವಾಲ್ವ್ ಕಟ್ಟಿಕೊಂಡಿತ್ತು, ಬಿಡಿಸಲು ಇಳಿದರು, ಕಾಲು ಜಾರಿತು.

ಇಷ್ಟೇ. ಕೊನೆಯ ದಿನಕ್ಕೆ ಇನ್ನೂ ಸಮಯವಿದೆ. ಈಗಲಾದರೂ ನನ್ನ ಎರಡು ವರ್ಷ ನನಗೆ ಕಳಿಸಿ.

ಅಮರಾವತಿ

*

ಶಿಡ್ಲಘಟ್ಟ
14-8-1994

ಅಮರಾವತಿಗೆ,

ನಿನ್ನ ಕಾಗದ ಓದಿದೆ. ಓದಿ ಒಲೆಗೆ ಹಾಕಿದೆ. ಲಕ್ಷ್ಮಯ್ಯನಿಗೂ ತೋರಿಸಲಿಲ್ಲ.

ಆ ಭಾನುವಾರ ಪಂಪು ನೀರೆತ್ತುತ್ತಿತ್ತು. ಬೆಳಗ್ಗೆ ನಾನೇ ಸ್ವಿಚ್ಚು ಹಾಕಿ ಬಂದಿದ್ದೆ. ತೋಟಕ್ಕೆ ನೀರು ಹರಿಯುತ್ತಿರುವುದನ್ನು ಕಣ್ಣಾರೆ ನೋಡಿದ್ದೆ. ಪೊಲೀಸರು ಕೇಳಿದಾಗ ಫುಟ್‌ವಾಲ್ವ್ ಕಟ್ಟಿತ್ತು ಎಂದು ಹೇಳಿದವಳೂ ನಾನೇ. ನೀನೂ ಅದನ್ನೇ ಬರೆದಿದ್ದೀಯೆ. ಹಾಗೇ ಇರಲಿ. ಇನ್ನು ಮುಂದೆಯೂ ಅಷ್ಟೇ ಇರಬೇಕು.

ಆದರೆ ನಿನ್ನನ್ನು ಒಂದು ಕೇಳುತ್ತೇನೆ. ದೀಪಾವಳಿಯಿಂದ ಫೆಬ್ರವರಿಯವರೆಗೆ ನನ್ನ ಮನೆಯಲ್ಲಿ, ನನ್ನ ಪಕ್ಕದಲ್ಲಿ ಕೂತು ಸೊಪ್ಪು ಹೆಚ್ಚಿದೆ. ಒಂದು ಮಾತು ಬಾಯಿಗೆ ಬರಲಿಲ್ಲವೇ? ಆಣೆಯಂತೆ. ಆಣೆ ಮುರಿದರೆ ಏನಾಗುತ್ತಿತ್ತು? ನಾನು ಕೂಗಾಡುತ್ತಿದ್ದೆ. ಎರಡು ದಿನ ಅನ್ನ ಬಿಡುತ್ತಿದ್ದೆ. ಆಮೇಲೆ ರೇಡಿಯೋ ಅಂಗಡಿ ಆದರೆ ರೇಡಿಯೋ ಅಂಗಡಿ ಎಂದು ಸುಮ್ಮನಾಗುತ್ತಿದ್ದೆ. ಅವನು ಇರುತ್ತಿದ್ದ. ನೀನು ಬಾಯಿ ಮುಚ್ಚಿಕೊಂಡೆ. ಗಂಡನ ಮೇಲಿನ ಪ್ರೀತಿಯಿಂದಲೋ ಅತ್ತೆಯ ಮೇಲಿನ ಸಿಟ್ಟಿನಿಂದಲೋ ನಿನಗೇ ಗೊತ್ತು.

ನನ್ನ ಮಗನ ಎರಡು ವರ್ಷ ಇಲ್ಲವೆಂದ ಮೇಲೆ ನಿನ್ನ ಎರಡು ವರ್ಷವೂ ಇಲ್ಲ. ಮೊದಲಿನಿಂದ ಓದು. ನೀನೇ ಹಾಗೆ ಬರೆದಿದ್ದೆ.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
3-9-1994

ಅತ್ತೆಯವರಿಗೆ,

ಪಿಯುಸಿಯ ಆಧಾರದ ಮೇಲೆ ಮೊದಲನೇ ವರ್ಷಕ್ಕೆ ಸೇರಿದ್ದೇನೆ. ಡಿಗ್ರಿ ಅಂಕಪಟ್ಟಿಯ ನಕಲಿಗೆ ಅರ್ಜಿ ಹಾಕಲು ಹೋಗಿದ್ದೆ. ಅಸಲು ಕಳೆದಿದೆ ಎಂದು ಪೊಲೀಸರಿಂದ ಬರೆಸಿಕೊಂಡು ಬನ್ನಿ ಎಂದರು. ಕಳೆದಿಲ್ಲ, ಎಲ್ಲಿದೆಯೆಂದು ಗೊತ್ತು ಎಂದೆ. ಹಾಗಾದರೆ ಅಲ್ಲಿಂದಲೇ ತನ್ನಿ ಎಂದರು. ಹಿಂದಿರುಗಿ ಬಂದೆ.

ಹೇಳಿದ್ದರೆ ಎರಡು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ ಎಂದು ಬರೆದಿದ್ದೀರಿ. ಅದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದು ಯಾರಿಗೆ ಗೊತ್ತಿತ್ತು ಅತ್ತೆ?

ಅಮರಾವತಿ

*

ಶಿಡ್ಲಘಟ್ಟ
18-1-1995

ಅಮರಾವತಿಗೆ,

ಕಬ್ಬಿಣದ ಟ್ರಂಕು ಬೇರೆ ಕೆಲಸಕ್ಕೆ ಬೇಕಾಗಿದೆ. ಖಾಲಿ ಮಾಡಿದೆ. ಅದರಲ್ಲಿದ್ದ ನಿನ್ನ ಕಾಗದಗಳನ್ನು ಇದರ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಎರಡು ಅಂಕಪಟ್ಟಿ, ಒಂದು ಟಿ.ಸಿ. ಎಣಿಸಿಕೊಂಡು ತೆಗೆದುಕೋ.

ಅಂಕಪಟ್ಟಿ ನೋಡಿದೆ. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು, ಮರುವರ್ಷ ತೊಂಬತ್ತನಾಲ್ಕು ಎಂದಿದೆ. ಇಷ್ಟು ಬಂದಿತ್ತೆಂದು ನೀನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ನಿನಗೆ ಹೇಳುವ ಅಭ್ಯಾಸವೇ ಇಲ್ಲ.

ಸಂಕ್ರಾಂತಿ ಎಳ್ಳು ನಿಮ್ಮಪ್ಪನ ಕೈಲಿ ಕಳಿಸಿದ್ದೆ, ತಲುಪಿರಬಹುದು.

ಲಕ್ಷ್ಮೀನರಸಮ್ಮ

*

ಚಿಂತಾಮಣಿ
2-2-1995

ಅತ್ತೆಯವರಿಗೆ,

ಕಾಗದಗಳು ಬಂದವು. ವಿಶ್ವವಿದ್ಯಾಲಯದಲ್ಲಿ ಕೇಳಿ ಬಂದೆ. ಕ್ರೆಡಿಟ್ಟಿಗೆ ಪ್ರವೇಶದ ಸಮಯದಲ್ಲೇ ಹಾಕಬೇಕಿತ್ತು, ಒಮ್ಮೆ ಮೊದಲನೇ ವರ್ಷಕ್ಕೆ ಸೇರಿದ ಮೇಲೆ ಹಿಂದಿನದು ಲೆಕ್ಕಕ್ಕಿಲ್ಲ ಎಂದರು. ಎರಡು ಸಲ ಕೇಳಿದೆ.

ಮುನಿನಾರಾಯಣಪ್ಪನವರು ಕಂಪ್ಯೂಟರ್ ವಿಭಾಗಕ್ಕೆ ದೇವನಹಳ್ಳಿಯಿಂದ ಒಬ್ಬ ಹುಡುಗನನ್ನು ತಂದಿದ್ದಾರೆ. ‘ನೀನು ಮುಗಿಸೋ ಹೊತ್ಗೆ ನನ್ ಇನ್ಸ್ಟಿಟ್ಯೂಟೇ ಇರುತ್ತೋ ಇಲ್ವೋ ಕಣಮ್ಮ’ ಎಂದರು. ನಾನು ಮತ್ತೆ ಟೈಪಿಂಗಿಗೆ.

ಎಷ್ಟು ಬಂದಿತ್ತೆಂದು ನೀವು ಕೇಳಿರಲಿಲ್ಲ.

ಇನ್ನು ಬರೆಯುವುದಿಲ್ಲ. ಕೋಪದಿಂದಲ್ಲ. ಬೆಳಗ್ಗೆ ಮನೆಗೆಲಸ, ಹಗಲು ಕೆಲಸ, ಉಳಿದ ಹೊತ್ತಿನಲ್ಲಿ ಒಮ್ಮೆ ಓದಿದ್ದನ್ನೇ ಮತ್ತೆ ಓದಬೇಕು.

ಅಮರಾವತಿ

*

ಶಿಡ್ಲಘಟ್ಟ
20-8-1995

ಚಿ. ಅಮರಾವತಿಗೆ,

ಮೊದಲನೇ ವರ್ಷ ಪಾಸಾಯಿತೆಂದು ನಿಮ್ಮಪ್ಪ ಹೇಳಿದ. ಸಂತೋಷ. ಬೀದಿಗೆ ಏನೂ ಹಂಚಲಿಲ್ಲ.

ಗೌರಿಬಿದನೂರಿಗೆ ಹೋಗಿದ್ದೆ. ತೊಂಡೇಬಾವಿಯಲ್ಲಿ ನೆಂಟರ ಮದುವೆ ಇತ್ತು, ಹಾಗೇ ಹೋದೆ. ಆವುಲಪ್ಪನ ಅಂಗಡಿ ಹುಡುಕಿದೆ. ಯಾರೆಂದು ಹೇಳಲಿಲ್ಲ. ಹಳೆಯ ರೇಡಿಯೋ ಕೊಂಡೊಯ್ದಿದ್ದೆ, ರಿಪೇರಿ ಎಂದೆ. ಆತ ಬಿಚ್ಚಿ ನೋಡಿ, ‘ಮುಂಚೆ ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಅವನಾಗಿದ್ರೆ ಇಲ್ಲೇ ನಿಂತಂಗೆ ಮಾಡಿಕೊಡ್ತಿದ್ದ, ಈಗ ವಾರ ಆಗುತ್ತೆ’ ಎಂದ. ಆ ಹುಡುಗ ಎಲ್ಲಿ ಎಂದೆ. ‘ಏನೋ, ಸೋಮವಾರ ಬರ್ತೀನಿ ಅಂದೋನು ಬರ್ಲಿಲ್ಲ, ಒಳ್ಳೆ ಕೆಲಸ ಸಿಕ್ಕಿರ್ಬೇಕು’ ಎಂದ. ಇರಬೇಕು ಎಂದೆ. ರೇಡಿಯೋ ಅಲ್ಲೇ ಬಿಟ್ಟು ಬಂದೆ.

ಈ ಸಲ ಮೊಟ್ಟೆ ತರಿಸಲಿಲ್ಲ. ಮನೆ ಖಾಲಿ ಇದೆ. ಬರುವುದಾದರೆ ಬಾ. ಮುಂದಿನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ, ಓದಲು ತೊಂದರೆಯಾಗುವುದಿಲ್ಲ.

ಲಕ್ಷ್ಮೀನರಸಮ್ಮ

*

ಶಿಡ್ಲಘಟ್ಟ
27-11-1995

ಚಿ. ಅಮರಾವತಿಗೆ,

ಹೋದ ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ತಲುಪಿಯೂ ಬರೆದಿಲ್ಲವಾದರೆ ಇದಕ್ಕೂ ಉತ್ತರ ಬರೆಯಬೇಕಿಲ್ಲ.

ಲಕ್ಷ್ಮೀನರಸಮ್ಮ

*

ಶಿಡ್ಲಘಟ್ಟ
15-9-1996

ಅಮರಾವತಿ,

ನಿಮ್ಮಪ್ಪ ನಿನ್ನೆ ಬಂದಿದ್ದ. ಎರಡನೇ ವರ್ಷದ ರಿಸಲ್ಟ್ ಬಂತಂತೆ, ಪಾಸಾಗಿದ್ದಾಳೆ ಎಂದ. ಅಂಕಪಟ್ಟಿ ನೋಡಿದೆಯೇನೋ ಎಂದೆ. ‘ಇಲ್ಲ ಅಕ್ಕಯ್ಯ, ಅವಳೇ ಹೇಳಿದ್ಳು. ಹೇಳಿದ್ಮೇಲೆ ಆಯ್ತಲ್ಲ’ ಎಂದ. ಮಾತು ಕಡಿಮೆ ಮಾಡಿದ್ದಾಳಾ ಎಂದೆ. ಮೊದಲಿನಿಂದಲೂ ಅವಳದು ಕಡಿಮೆ ಮಾತೇ ಎಂದ. ಊಟ ಮಾಡುತ್ತಾಳಾ ಎಂದೆ. ಪೂರ್ತಿ ಮಾಡುತ್ತಾಳೆ, ಮಾತಿಲ್ಲದೆ ಮಾಡಿ ಏಳುತ್ತಾಳೆ, ಯಾಕೆ ಎಂದ. ಭಾನುವಾರ ಬೆಂಗಳೂರಿಗೆ ಹೋಗುವಾಗ ಯಾರಾದರೂ ಜೊತೆಗೆ ಹೋಗಿ ನೋಡಿದ್ದೀರಾ ಎಂದೆ. ‘ನಿಂಗೇನಾಗಿದೆ ಅಕ್ಕಯ್ಯ?’ ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೋದ.

ಇವತ್ತು ಬೆಳಗ್ಗೆ ಸೀರೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಹೋದೆ. ಬೆಂಗಳೂರಿನ ಬಸ್ಸು ನಿಂತಿತ್ತು. ಭಾನುವಾರ, ನಿನ್ನ ಕ್ಲಾಸಿನ ದಿನ. ಹತ್ತಿ ಕೂತಿದ್ದರೆ ಮಧ್ಯಾಹ್ನದ ಹೊತ್ತಿಗೆ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಕೇಳಿ ತಿಳಿಯಬಹುದಿತ್ತು. ಕಂಡಕ್ಟರ್ ‘ಬರ್ತೀರಾ ಅಮ್ಮ, ಇಲ್ವಾ?’ ಎಂದು ಕೇಳಿದ. ಇಲ್ಲ ಎಂದೆ. ಬಸ್ಸು ಹೋಯಿತು. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಬರುವುದಿಲ್ಲ. ಯಾರನ್ನೂ ಕಳಿಸುವುದಿಲ್ಲ, ವಿಚಾರಿಸುವುದಿಲ್ಲ. ಇದನ್ನು ನಂಬು.

ಪಾಸಾಗಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ. ಫೇಲಾಗಿದ್ದರೆ ಬರೆ. ಎಷ್ಟು ವಿಷಯ ಎಂದೂ ಬೇಡ, ಕಾರ್ಡಿನಲ್ಲಿ ಆ ಒಂದು ಮಾತು ಸಾಕು. ನಿಮ್ಮಪ್ಪನಿಗೆ ಹೇಳುವುದಿಲ್ಲ.

ಅಂಚೆಯವನು ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋದ ದಿನವೆಲ್ಲ ನೀನು ಪಾಸಾಗಿದ್ದೀಯೆ ಎಂದುಕೊಳ್ಳುತ್ತೇನೆ.

ಲಕ್ಷ್ಮೀನರಸಮ್ಮ